ಲೇಖನಿಯ ಗತಿ, ಅಕ್ಷರದ ಆಕೃತಿ

ಕೊಡಗಿನ ದುಬಾರೆಯಲ್ಲಿ ಕಾವೇರಿಯ ದಂಡೆಗೆ ಇಳಿದವರು ಅಲ್ಲಿಯ ಹಸಿಮಣ್ಣಿನಲ್ಲಿ ಆನೆಯ ಹೆಜ್ಜೆಗಳನ್ನು ಕಾಣದೆ ಇರಲಾರರು. ಅರಣ್ಯ ಇಲಾಖೆಯ ಆನೆಬಿಡಾರವಿರುವ ಸ್ಥಳವದು. ಅಲ್ಲಿಯ ಮಾವುತರಲ್ಲಿಯೂ ಕಾವಾಡಿಗಳಲ್ಲಿಯೂ ಬಹುಮಂದಿ ಜೇನುಕುರುಬರು. ನಮಗೆ ಒಂದೇ ಬಗೆಯ ಕುಳಿಗಳಾಗಿ ತೋರುವ ಆ ಗುರುತುಗಳು ಆನೆಯೊಡನೆ ಬಾಳುವವರಿಗೆ ಓದಬಲ್ಲ ಬರಹವಾಗಿವೆ. ಮುಂಗಾಲಿನ ಗುರುತು ಹೆಚ್ಚುಕಡಮೆ ದುಂಡಗಿರುವುದು, ಹಿಂಗಾಲಿನದು ಕೊಂಚ ನೀಳವಾಗಿರುವುದು. ಮುಂಗಾಲಿನ ಗುರುತಿನ ಸುತ್ತಳತೆಯನ್ನು ಇಮ್ಮಡಿಸಿದರೆ ಆನೆಯ ಭುಜದ ಎತ್ತರವು ಸುಮಾರಾಗಿ ದೊರೆಯುವುದು. ನಡೆಯುವಾಗ ಹಿಂಗಾಲು ಅನೇಕ ವೇಳೆ ಮುಂಗಾಲಿನ ಗುರುತಿನ ಮೇಲೆಯೇ ಬೀಳುವುದರಿಂದ ಎರಡು ಆಕೃತಿಗಳು ಒಂದರೊಳಗೊಂದು ಸೇರಿಹೋಗುವುದೂ ಉಂಟು. ಬಲ್ಲವನು ಮಣ್ಣಿನ ಹದವನ್ನೂ ನೆಲದ ಇಳಿಜಾರನ್ನೂ ಲೆಕ್ಕದಿಂದ ಕಳೆದು ಆಕೃತಿಯನ್ನು ಗ್ರಹಿಸುತ್ತಾನೆ. ಯಾವ ಹೆಜ್ಜೆ ಮೊದಲು, ಯಾವುದು ಆಮೇಲೆ ಎಂಬುದನ್ನು ನೋಡಿ ಪ್ರಾಣಿಯ ಗತಿಯನ್ನು ತಿಳಿಯುತ್ತಾನೆ.

ಆಕೃತಿ, ಗತಿ ಎಂಬ ಈ ಎರಡರ ಸಂಬಂಧವೇ ಪ್ರಕೃತ ಲೇಖನದ ವಿಷಯ. ಆದರೆ ಇಲ್ಲಿ ವಿಚಾರಕ್ಕೆ ಬರುವುದು ಆನೆಯ ಹೆಜ್ಜೆಯಲ್ಲ, ಕನ್ನಡಿಗನ ಕೈಬರಹ. ಕೈಯಿಂದ ಗೀಚಿದ ಆಕೃತಿಯನ್ನು ಗುರುತಿಸಿ, ಅದನ್ನು ತಕ್ಕ ಅಳತೆಯಲ್ಲಿ ತಕ್ಕ ಸಾಲಿನಲ್ಲಿ ಹೊಂದಿಸಿ ಇಡಬಲ್ಲ ಕಂಪ್ಯೂಟರುಗಳು ಕಳೆದ ಅರುವತ್ತು ವರ್ಷಗಳಲ್ಲಿ ಹುಟ್ಟಿ ಬೆಳೆದಿವೆ. ಇಪ್ಪತ್ತೊಂದನೆಯ ಶತಮಾನದ ಆರಂಭದಿಂದ ಈ ಕಾರ್ಯವು ಬೆಂಗಳೂರಿನಲ್ಲಿ ಕನ್ನಡ ಲಿಪಿಯ ವಿಷಯದಲ್ಲಿಯೂ ನಡೆದಿದೆ. ಇದನ್ನು ಯಂತ್ರಶಾಸ್ತ್ರದ ವಾರ್ತೆಯೆಂದು ಸಾಹಿತ್ಯದವರು ಬದಿಗಿರಿಸುವುದು ವಾಡಿಕೆ. ಲಿಪಿಯ ಚರಿತ್ರೆಯಲ್ಲಿ ಇದಕ್ಕೆ ಸಲ್ಲುವ ಸ್ಥಾನವೊಂದಿದೆಯೆಂದೂ, ಅದನ್ನು ಅಲಕ್ಷಿಸಿದರೆ ಮತ್ತೆ ದೊರೆಯಲಾರದ ಆಧಾರವೊಂದನ್ನು ಕಳೆದುಕೊಳ್ಳುವೆವೆಂದೂ ನನ್ನ ಅಭಿಪ್ರಾಯ.

ಹಳೆಯ ಬರಹದಲ್ಲಿ ನಮಗೆ ಉಳಿದಿರುವುದು ಆಕೃತಿಮಾತ್ರ. ಕಲ್ಲಿನ ಮೇಲೆ ಉಳಿಯು ಎತ್ತಣಿಂದ ಎತ್ತ ನಡೆಯಿತು, ತಲೆಕಟ್ಟನ್ನು ಮೊದಲು ಕೊರೆದರೋ ಕೊನೆಯಲ್ಲಿ ಕೊರೆದರೋ ಎಂಬುದನ್ನು ಶಾಸನವು ಬಾಯಿಬಿಟ್ಟು ಹೇಳುವುದಿಲ್ಲ. ಓಲೆಯ ಮೇಲೆ ಕಂಟದಿಂದ ಗೀರಿ ಮಸಿ ತುಂಬಿದ ಗ್ರಂಥಗಳಲ್ಲಿಯೂ ಹೀಗೆಯೇ. ಅಡ್ಡಗೆರೆಯನ್ನು ಬಲವಾಗಿ ಎಳೆದರೆ ಓಲೆಯು ನಾರಿನ ಉದ್ದಕ್ಕೂ ಸೀಳುವುದೆಂಬ ಭಯದಿಂದಲೇ ದಕ್ಷಿಣದ ಲಿಪಿಗಳು ದುಂಡಗಾದವೆಂದು ವಿದ್ವಾಂಸರು ಹೇಳುತ್ತ ಬಂದಿದ್ದಾರೆ. ಈ ಮಾತು ನಿಜವಾದರೆ ನಮ್ಮ ಅಕ್ಷರದ ರೂಪವನ್ನು ನಿರ್ಣಯಿಸಿದ್ದು ಕೈಯ ಚಲನೆಯೇ ಆಯಿತು. ಆ ಚಲನೆಯಾದರೋ ಎಲ್ಲಿಯೂ ದಾಖಲೆಯಾಗಲಿಲ್ಲ.

ಕೊಡಗಿನ ಪ್ರಸ್ತಾವವನ್ನು ಎತ್ತಿದ್ದರಿಂದ ಇನ್ನೆರಡು ಸಂಗತಿಗಳನ್ನು ಇಲ್ಲಿ ನೆನೆಯಬೇಕಾಗಿದೆ. ಬಿ. ಎಲ್. ರೈಸರು 'ಎಪಿಗ್ರಾಫಿಯ ಕರ್ನಾಟಿಕ'ದ ಮೊದಲನೆಯ ಸಂಪುಟವಾಗಿ ೧೮೮೬ರಲ್ಲಿ ಪ್ರಕಟಿಸಿದ್ದು ಕೊಡಗಿನ ಶಾಸನಗಳನ್ನೇ. ಶಾಸನವನ್ನು ಪ್ರತಿಮಾಡುವುದರಲ್ಲಿ ಎರಡು ಬಗೆಗಳುಂಟೆಂಬುದು ವಾಚಕರಿಗೆ ವಿದಿತವೇ ಆಗಿದೆ. ಕಣ್ಣಿನಿಂದ ನೋಡಿ ಕೈಯಿಂದ ಬರೆದುಕೊಂಡ ಪ್ರತಿ ಒಂದು. ಒದ್ದೆಯ ಕಾಗದವನ್ನು ಕಲ್ಲಿಗೆ ಒತ್ತಿ ತೆಗೆದ ಪಡಿಯಚ್ಚು ಇನ್ನೊಂದು. ಮೊದಲನೆಯದರಲ್ಲಿ ಪ್ರತಿಕಾರನು ಅಕ್ಷರವನ್ನು ಗುರುತಿಸಿಬಿಟ್ಟಿರುತ್ತಾನೆ. ಅವನು ಬರೆಯುವುದು ತಾನು ಕಂಡೆನೆಂದು ನಂಬಿದ ಅಕ್ಷರವನ್ನು. ಎರಡನೆಯದರಲ್ಲಿ ಆಕೃತಿಯು ಇದ್ದ ಹಾಗೆಯೇ ಉಳಿಯುವುದು, ಗುರುತಿಸುವ ಹೊಣೆ ಓದುಗನದು. ನೂರಾರು ಪಾಠವಿವಾದಗಳು ಈ ಎರಡರ ನಡುವಣ ಅಂತರದಿಂದಲೇ ಹುಟ್ಟಿವೆ.

ಎರಡನೆಯ ಸಂಗತಿ ಕಲ್ಲಚ್ಚಿಗೆ ಸಂಬಂಧಪಟ್ಟದ್ದು. ಹರ್ಮನ್ ಮೋಗ್ಲಿಂಗರು ೧೮೫೦ರ ದಶಕದಲ್ಲಿ ಕೊಡಗಿಗೆ ಬಂದು, ಅಮ್ಮತ್ತಿ–ಸಿದ್ದಾಪುರದ ಸೀಮೆಯಲ್ಲಿ ಆನಂದಪುರವನ್ನು ನೆಲೆಗೊಳಿಸಿ, ೧೮೫೫ರಲ್ಲಿ 'ಕೂರ್ಗ್ ಮೆಮೊಯರ್ಸ್' ಎಂಬ ಗ್ರಂಥವನ್ನು ಬರೆದರು. ದುಬಾರೆಗೆ ಆ ಸ್ಥಳವು ಬಹಳ ದೂರವಲ್ಲ. ಇದಕ್ಕೆ ಹಿಂದೆ ಮಂಗಳೂರಿನಲ್ಲಿದ್ದಾಗ ಅವರು ೧೮೪೩ರ ಜುಲೈ ೧ರಂದು ಆರಂಭಿಸಿದ 'ಮಂಗಳೂರ ಸಮಾಚಾರ'ವೂ, ಆ ಬಳಿಕ ಹಳಗನ್ನಡ ನಡುಗನ್ನಡ ಕಾವ್ಯಗಳಿಗಾಗಿ ನಡೆಸಿದ 'ಬಿಬ್ಲಿಯೊಥಿಕಾ ಕರ್ನಾಟಿಕಾ' ಮಾಲೆಯೂ ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಮೇದಸ್ಸಿನ ಮಸಿಯಿಂದ ಬರೆದ ಬರಹವನ್ನು ಕಲ್ಲಿಗೆ ಇಳಿಸಿ ಅದರಿಂದ ಪ್ರತಿಗಳನ್ನು ತೆಗೆಯುವುದು ಈ ವಿಧಾನ. ಆದಕಾರಣ ಆ ಪುಟಗಳಲ್ಲಿ ನಾವು ಕಾಣುವುದು ಮೊಳೆಯ ಅಕ್ಷರವಲ್ಲ, ಲಿಪಿಕಾರನ ಕೈ. ಯಂತ್ರವು ಅಕ್ಷರವನ್ನು ಗುರುತಿಸಲಿಲ್ಲ. ಗುರುತಿಸುವ ಅಗತ್ಯವೂ ಅದಕ್ಕಿರಲಿಲ್ಲ. ಪತ್ರಿಕೆಯು ೧೮೪೪ರಲ್ಲಿ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಗಿ ಮೊಳೆಯಚ್ಚಿಗೆ ತಿರುಗಿದಾಗ ಈ ಸ್ಥಿತಿ ಬದಲಾಯಿತು. ಮೊಳೆ ಜೋಡಿಸುವವನು ಹಸ್ತಪ್ರತಿಯ ಪ್ರತಿಯೊಂದು ಆಕೃತಿಯನ್ನೂ ಗುರುತಿಸಿ, ಸರಿಯಾದ ಮೊಳೆಯನ್ನು ಆರಿಸಿ, ಸಾಲಿಗೆ ಹೊಂದಿಸಿ ಇಡಬೇಕು. ಅಕ್ಷರವು ನಿಶ್ಚಿತವಾಯಿತು, ಕೈ ಮರೆಯಾಯಿತು.

ಲೇಖನಿಯ ಕಂಪ್ಯೂಟರನ್ನು ನಿರ್ಮಿಸಿದವರಿಗೂ ಇದೇ ಕವಲುದಾರಿ ಎದುರಾಯಿತು. ಬರೆದದ್ದನ್ನು ಕಲ್ಲಚ್ಚಿನಂತೆ ಹಾಗೆಯೇ ಉಳಿಸುವುದೊ, ಮೊಳೆ ಜೋಡಿಸುವವನಂತೆ ಗುರುತಿಸಿ ತಿದ್ದುವುದೊ? ೧೯೬೩ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಐವಾನ್ ಸದರ್ಲೆಂಡರು ನಿರ್ಮಿಸಿದ 'ಸ್ಕೆಚ್‌ಪ್ಯಾಡ್' ಎಂಬುದರಲ್ಲಿ ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ಗೆರೆ ಎಳೆಯಬಹುದಾಗಿತ್ತು. ಈ ಎರಡು ಗೆರೆಗಳು ಸಮಾಂತರವಾಗಿರಲಿ, ಇವು ಸಮನಾಗಿರಲಿ ಎಂದು ಬರೆಯುವವನು ವಿಧಿಸಿದರೆ ಯಂತ್ರವು ಅವುಗಳನ್ನು ಹಾಗೆ ಹೊಂದಿಸುತ್ತಿತ್ತು. ತಾನಾಗಿ ಏನನ್ನೂ ಗುರುತಿಸುತ್ತಿರಲಿಲ್ಲ. ಮರುವರ್ಷವೇ ಕ್ಯಾಲಿಫೋರ್ನಿಯದ ರ‍್ಯಾಂಡ್ ಸಂಸ್ಥೆಯಲ್ಲಿ ಡೇವಿಸ್ ಮತ್ತು ಎಲ್ಲಿಸ್ ಎಂಬುವರು ಬರೆಹಲಗೆಯೊಂದನ್ನು ಸಿದ್ಧಪಡಿಸಿದರು. ಲೇಖನಿಯು ಅದರ ಮೇಲೆ ಎಲ್ಲಿದೆಯೆಂಬುದನ್ನು ಹತ್ತು ಲಕ್ಷಕ್ಕೂ ಮೇಲ್ಪಟ್ಟ ಬಿಂದುಗಳಲ್ಲಿ ಒಂದಾಗಿ ಅದು ನಿರ್ಣಯಿಸುತ್ತಿತ್ತು. ಅದನ್ನು ಆಧರಿಸಿದ 'ಗ್ರೇಲ್' ಎಂಬ ವ್ಯವಸ್ಥೆಯಲ್ಲಿ ಸೊಟ್ಟಗೆ ಎಳೆದ ಚೌಕವು ಒಡನೆಯೇ ನೇರವಾದ ಚೌಕವಾಗಿ ನಿಲ್ಲುತ್ತಿತ್ತು. ಬರೆದುದರ ಮೇಲೆ ಗೀಚಿದರೆ ಅಳಿಸಿಹೋಗುತ್ತಿತ್ತು. ೧೯೮೫ರಲ್ಲಿ ಪಾವ್ಲಿಡಿಸ್ ಮತ್ತು ವ್ಯಾನ್ ವೈಕ್ ಎಂಬುವರು ಹೆಚ್ಚುಕಡಮೆ ಸಮಾಂತರವಾದುದನ್ನು ನಿಜವಾಗಿ ಸಮಾಂತರಗೊಳಿಸುವ, ಹೆಚ್ಚುಕಡಮೆ ಒಂದೇ ಸಾಲಿನಲ್ಲಿರುವ ಬಿಂದುಗಳನ್ನು ನಿಜವಾಗಿ ಸಾಲಿಗೆ ತರುವ ಕ್ರಮವೊಂದನ್ನು ವರ್ಣಿಸಿದರು. ೧೯೯೧ರಲ್ಲಿ ಡೀನ್ ರೂಬಿನ್ ಎಂಬವರು ಗೀಟೊಂದರಿಂದ ಹದಿಮೂರು ಲಕ್ಷಣಗಳನ್ನು ಅಳೆದು, ಒಂದೊಂದು ಆಕೃತಿಗೆ ಹದಿನೈದರಷ್ಟು ಮಾದರಿಗಳಿದ್ದರೆ ಸಾಕು, ಯಂತ್ರಕ್ಕೆ ಅದನ್ನು ಕಲಿಸಬಹುದೆಂದು ತೋರಿಸಿದರು. ೧೯೯೩ರಲ್ಲಿ ಆಪಲ್ ಸಂಸ್ಥೆಯ 'ನ್ಯೂಟನ್' ಈ ವಿದ್ಯೆಯನ್ನು ಅಂಗೈಯೊಳಗೆ ತಂದಿತು. ಅಕ್ಷರವನ್ನು ತಪ್ಪಾಗಿ ಓದುವುದಕ್ಕೆ ಅದು ಪಡೆದ ಅಪಖ್ಯಾತಿಯೂ ಚಿಕ್ಕದಲ್ಲ.

ಇವೆಲ್ಲಕ್ಕೂ ಸಾಮಾನ್ಯವಾದ ಒಂದು ವಿಶೇಷವನ್ನು ಲಕ್ಷಿಸಬೇಕು. ಲೇಖನಿಯು ಹಲಗೆಯನ್ನು ಮುಟ್ಟಿದ ಕ್ಷಣದಿಂದ ಮೇಲೇಳುವ ಕ್ಷಣದವರೆಗೆ ಯಂತ್ರವು ಅದರ ಸ್ಥಾನವನ್ನು ಸೆಕೆಂಡಿಗೆ ಹತ್ತಾರು ಸಲ ಗುರುತುಹಾಕಿಕೊಳ್ಳುತ್ತದೆ. ಅಂದರೆ ಅದಕ್ಕೆ ದೊರೆಯುವುದು ಗೆರೆಯ ಚಿತ್ರವಲ್ಲ, ಗೆರೆ ಹುಟ್ಟಿದ ಕ್ರಮ. ಯಾವ ತುದಿಯಿಂದ ಹೊರಟಿತು, ಎಲ್ಲಿ ತಡೆಯಿತು, ಎಲ್ಲಿ ತಿರುಗಿತು ಎಂಬುದೆಲ್ಲವೂ ಅದರಲ್ಲಿ ಅಡಗಿದೆ. ಶಾಸನವೂ ಓಲೆಯೂ ಕಲ್ಲಚ್ಚೂ ಹೇಳಲಾರದೆ ಹೋದದ್ದನ್ನು ಈ ಯಂತ್ರವು ಹೇಳುತ್ತದೆ.

ಬೆಂಗಳೂರಿನ ಕಥೆ ೧೯೯೮ರ ಅಕ್ಟೋಬರಿನಲ್ಲಿ ಅಲ್ಲಿ ನಡೆದ ಅಂತರರಾಷ್ಟ್ರೀಯ ಗೋಷ್ಠಿಯೊಂದರಿಂದ ಮೊದಲಾಗುತ್ತದೆ. ಸಾಮಾನ್ಯನಿಗೂ ಎಟುಕುವ ಕಂಪ್ಯೂಟರು ಬೇಕೆಂಬ ಅಲ್ಲಿಯ ವಿಚಾರದಿಂದ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್‌ಕೋರ್ ಸಂಸ್ಥೆಯವರೂ ಸೇರಿ 'ಸಿಂಪ್ಯೂಟರ್' ಎಂಬುದನ್ನು ಕಲ್ಪಿಸಿದರು. ೨೦೦೧ರ ಏಪ್ರಿಲ್ ತಿಂಗಳಲ್ಲಿ ಅದರ ಮಾದರಿ ಪ್ರದರ್ಶಿತವಾಯಿತು. ಅದಕ್ಕೆ ಕೀಲಿಮಣೆಯಿರಲಿಲ್ಲ, ಲೇಖನಿಯೂ ಸ್ಪರ್ಶಕ್ಕೆ ಓಗೊಡುವ ಪರದೆಯೂ ಇದ್ದುವು. ಬೆಲೆಯು ಒಂಬತ್ತು ಸಾವಿರ ರೂಪಾಯಿಗಳ ಸುಮಾರಿನಲ್ಲಿರಬೇಕೆಂಬುದು ಉದ್ದೇಶ. ೨೦೦೪ರ ಮಾರ್ಚಿನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 'ಅಮಿಡ' ಎಂಬ ಹೆಸರಿನಲ್ಲಿ ಅದನ್ನು ತಯಾರಿಸಿ ಪೇಟೆಗೆ ತಂದಿತು. ಅದರ ಪರದೆಯ ಮೇಲೆ ಯಾವ ಭಾಷೆಯಲ್ಲಿ ಬೇಕಾದರೂ ಕೈಯಿಂದ ಬರೆದು ಅದನ್ನೇ ಅಂಚೆಯಾಗಿ ಕಳುಹಿಸಬಹುದಾಗಿತ್ತು. ಅಕ್ಷರವನ್ನು ಗುರುತಿಸುವ ಗೋಜಿಗೆ ಯಂತ್ರವು ಹೋಗುತ್ತಿರಲಿಲ್ಲ. ಇದು ಮೋಗ್ಲಿಂಗರ ಕಲ್ಲಚ್ಚಿನ ಮಾರ್ಗ. ಆಗಿನ ಕಾಲಕ್ಕೆ ಅದೊಂದು ಜಾಣತನದ ನಿರ್ಣಯವೆಂದೇ ಹೇಳಬೇಕು. ಕನ್ನಡವನ್ನು ಗುರುತಿಸುವ ವಿಧಾನವು ಕೈಗೆ ಬರುವವರೆಗೆ ಕನ್ನಡಿಗನು ಕಾಯಬೇಕಾಗಲಿಲ್ಲ. ಆದರೂ ಸಿಂಪ್ಯೂಟರು ನಿರೀಕ್ಷಿಸಿದಷ್ಟು ಪ್ರಚಾರಕ್ಕೆ ಬರಲಿಲ್ಲ. ಅಷ್ಟರಲ್ಲಿ ದೂರವಾಣಿಯೇ ಅದರ ಸ್ಥಾನವನ್ನು ಆಕ್ರಮಿಸಿತು.

ಅದೇ ಊರಿನಲ್ಲಿದ್ದ ಎಚ್.ಪಿ. ಸಂಸ್ಥೆಯ ಪ್ರಯೋಗಾಲಯದವರು ಬೇರೆ ಎರಡು ಮಾರ್ಗಗಳನ್ನು ಹಿಡಿದರು. ಭಾರತೀಯ ಲಿಪಿಗಳಿಗಾಗಿ ಅವರು ರಚಿಸಿದ ಬರೆಹಲಗೆಯೊಂದರಲ್ಲಿ ಮೂಲಾಕ್ಷರಗಳು ಮನೆಮನೆಗಳಾಗಿ ಅಚ್ಚಾಗಿದ್ದುವು. ಲೇಖನಿಯಿಂದ ಮನೆಯನ್ನು ಮುಟ್ಟಿದರೆ ವ್ಯಂಜನವು ಬರುವುದು. ಆ ಮನೆಯೊಳಗೆಯೇ ಸ್ವರಚಿಹ್ನೆಯನ್ನು ಬರೆದರೆ ಗುಣಿತಾಕ್ಷರವು ಬರುವುದು. ಗುರುತಿಸಬೇಕಾದ ಆಕೃತಿಗಳ ಸಂಖ್ಯೆ ಹೀಗೆ ಬೆರಳೆಣಿಕೆಗೆ ಇಳಿಯಿತು. ಕಾಗುಣಿತವನ್ನು ಕಲಿಸಿದ ಉಪಾಧ್ಯಾಯರಿಗೆ ಇದರ ಸೊಗಸು ತಟ್ಟನೆ ಹೊಳೆಯುವುದು. ಶ್ರೀಗಣೇಶ್ ಮಧ್ವನಾಥ್ ಮತ್ತು ಅವರ ಸಹೋದ್ಯೋಗಿಗಳು ೨೦೦೬ರಲ್ಲಿ ವಿವರಿಸಿದ 'ಲಿಪಿ ಟೂಲ್‌ಕಿಟ್' ಎರಡನೆಯದು. ಯಾವ ಲಿಪಿಯ ಮಾದರಿಗಳನ್ನು ಕೊಟ್ಟರೂ ಅವುಗಳಿಂದ ಕಲಿತು ಆಕೃತಿಗಳನ್ನು ಗುರುತಿಸುವ ಉಪಕರಣಗಳ ಗಂಟು ಅದು. ಅದನ್ನು ಎಲ್ಲರೂ ಬಳಸಬಹುದೆಂದು ಬಿಡುಗಡೆ ಮಾಡಿದ್ದು ಮೆಚ್ಚತಕ್ಕದ್ದು.

ಇಂಥ ಉಪಕರಣವು ಮಾಡುವುದೇನೆಂಬುದನ್ನು ಸ್ಥೂಲವಾಗಿಯಾದರೂ ತಿಳಿಯದೆ ಮುಂದಿನ ವಿಚಾರವು ಸ್ಪಷ್ಟವಾಗದು. ಬರೆದ ಅಕ್ಷರವನ್ನು ಯಂತ್ರವು ಮೊದಲು ಒಂದು ಗೊತ್ತಾದ ಅಳತೆಗೆ ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ. ನಡುಕದಿಂದಾದ ಅಂಕುಡೊಂಕನ್ನು ಸವರುತ್ತದೆ. ಗೀಟಿನ ಉದ್ದಕ್ಕೂ ಸಮಾನ ದೂರದಲ್ಲಿ ಗೊತ್ತಾದ ಸಂಖ್ಯೆಯ ಬಿಂದುಗಳನ್ನು ಆರಿಸಿಕೊಳ್ಳುತ್ತದೆ. ಇದು ಮಣ್ಣಿನ ಹದವನ್ನು ಕಳೆಯುವ ಮಾವುತನ ಕೆಲಸದಂತೆಯೇ. ಅನಂತರ ಈ ಬಿಂದುಗಳ ಸಾಲನ್ನು ತನ್ನಲ್ಲಿರುವ ಮಾದರಿಗಳ ಸಾಲಿನೊಡನೆ ಹೋಲಿಸುತ್ತದೆ. ಇಲ್ಲಿ ಒಂದು ತೊಡಕುಂಟು. ಒಬ್ಬನು ಅಕ್ಷರದ ಸುಳಿಯನ್ನು ದೊಡ್ಡದು ಮಾಡುವನು, ಇನ್ನೊಬ್ಬನು ಚಿಕ್ಕದು ಮಾಡುವನು. ಹತ್ತನೆಯ ಬಿಂದುವನ್ನು ಹತ್ತನೆಯ ಬಿಂದುವಿನೊಡನೆ ಹೋಲಿಸಿದರೆ ಒಬ್ಬನ ಸುಳಿಯು ಮತ್ತೊಬ್ಬನ ತಲೆಕಟ್ಟಿಗೆ ಎದುರಾಗುವುದು. ಆದುದರಿಂದ ಒಂದು ಸಾಲನ್ನು ಅಲ್ಲಲ್ಲಿ ಎಳೆದು, ಅಲ್ಲಲ್ಲಿ ಒತ್ತಿ, ಮತ್ತೊಂದರೊಡನೆ ಅತ್ಯಂತ ಕಡಮೆ ವ್ಯತ್ಯಾಸದಿಂದ ಹೊಂದಿಸುತ್ತಾರೆ. ಗಮಕಿಯು ಷಟ್ಪದಿಯ ಪಾದವೊಂದನ್ನು ರಾಗಕ್ಕಾಗಿ ಎಳೆದು ಓದಿದರೂ ಕೈಯಲ್ಲಿ ಪುಸ್ತಕ ಹಿಡಿದವನು ಅಕ್ಷರಕ್ಕೆ ಅಕ್ಷರವನ್ನು ತಪ್ಪದೆ ಹೊಂದಿಸಿಕೊಳ್ಳುವನಲ್ಲವೆ? ಈ ಉಪಾಯವೂ ಹುಟ್ಟಿದ್ದು ಮಾತಿನ ಪರಿಶೀಲನೆಯಲ್ಲಿಯೇ. ೧೯೬೮ರಲ್ಲಿ ಉಕ್ರೇನಿನ ವಿಂಟ್ಸ್ಯುಕ್, ೧೯೭೮ರಲ್ಲಿ ಜಪಾನಿನ ಸಕೋಯೆ ಮತ್ತು ಚಿಬಾ ಇದನ್ನು ನಿರೂಪಿಸಿದರು. 'ಡೈನಾಮಿಕ್ ಟೈಮ್ ವಾರ್ಪಿಂಗ್' ಎಂದು ಇದರ ಹೆಸರು.

ಈ ಕ್ರಮವು ಕನ್ನಡಕ್ಕೆ ಬಂದಾಗ ಕಾಣಿಸಿಕೊಂಡ ಕಷ್ಟಗಳು ನಮ್ಮ ಲಿಪಿಯ ಸ್ವರೂಪದ ಮೇಲೆಯೇ ಬೆಳಕು ಬೀರುವುವು. ತಮಿಳಿನಲ್ಲಿ ಒತ್ತಕ್ಷರಗಳಿಲ್ಲವೆಂದೇ ಹೇಳಬಹುದು. ೧೫೬ ಆಕೃತಿಗಳಿಂದ ಆ ಲಿಪಿಯ ಕೆಲಸ ನಡೆಯುವುದೆಂದು ಎಚ್.ಪಿ.ಯವರ ಮಾದರಿಸಂಗ್ರಹವು ತೋರಿಸಿತು. ನಮ್ಮಲ್ಲಾದರೋ ಮೂವತ್ತನಾಲ್ಕು ವ್ಯಂಜನಗಳಿಗೆ ಹದಿಮೂರು ಸ್ವರಗಳನ್ನು ಸೇರಿಸಿದರೆ ೪೪೨. ಒಂದೊಂದು ಒತ್ತು ಸೇರಿದರೆ ಲೆಕ್ಕಕ್ಕೆ ೧೫,೦೨೮. ಇವುಗಳಲ್ಲಿ ಬಹುಭಾಗವು ಭಾಷೆಯಲ್ಲಿ ಬಾರದವು ನಿಜ. ಆದರೂ ಪ್ರತಿಯೊಂದನ್ನೂ ಬೇರೆ ಬೇರೆ ಆಕೃತಿಯೆಂದು ಕಲಿಸುವುದು ಅಸಾಧ್ಯ. ಆದಕಾರಣ ಮೂಲಾಕ್ಷರ, ಸ್ವರಚಿಹ್ನೆ, ಒತ್ತು ಎಂದು ಬಿಡಿಸಿಕೊಳ್ಳಬೇಕು. ಬಿಡಿಸಿದೊಡನೆ ಸ್ಥಾನದ ಪ್ರಶ್ನೆ ಏಳುತ್ತದೆ. ಗ, ಚ, ಜ, ಟ, ಡ, ಬ ಮುಂತಾದುವುಗಳ ಒತ್ತು ತಲೆಕಟ್ಟಿಲ್ಲದ ಮೂಲಾಕ್ಷರವೇ. ಚಿಕ್ಕದಾಗಿ ಸಾಲಿನ ಕೆಳಗೆ ಕುಳಿತಿರುವುದಷ್ಟೇ ಭೇದ. ತ, ನ, ಮ, ಯ, ರ, ಲ ಇವುಗಳ ಒತ್ತು ಬೇರೆಯೇ ಆಕೃತಿ. ಎಲ್ಲ ಆಕೃತಿಗಳನ್ನೂ ಒಂದೇ ಅಳತೆಗೆ ತಂದು ಒಂದೇ ಸ್ಥಾನದಲ್ಲಿಟ್ಟು ಹೋಲಿಸುವ ಯಂತ್ರವು ತ ಮತ್ತು ತದ ಒತ್ತನ್ನು ಬೇರ್ಪಡಿಸೀತು. ಗ ಮತ್ತು ಗದ ಒತ್ತನ್ನು ಬೇರ್ಪಡಿಸಲಾರದು. ಮಣ್ಣಿನ ಹದವೆಂದು ಕಳೆದುಬಿಟ್ಟದ್ದೇ ಇಲ್ಲಿ ಅರ್ಥವನ್ನು ಹೊತ್ತಿದೆ! ಸಾಲು ಎಲ್ಲಿದೆಯೆಂದು ಮೊದಲು ನಿಶ್ಚಯಿಸದೆ ಕನ್ನಡವನ್ನು ಗುರುತಿಸುವುದು ಆಗದ ಮಾತು; ಕೈಬರಹದ ಸಾಲಾದರೋ ನೆಟ್ಟಗಿರುವುದು ಅಪೂರ್ವ. ವು ಮತ್ತು ಮ, ಪ ಮತ್ತು ಷ, ದ ಧ ಥ ಎಂಬಿವುಗಳ ಸಾಮ್ಯವನ್ನು ಹಸ್ತಪ್ರತಿಗಳನ್ನು ಓದಿದವರಿಗೆ ನಾನು ಹೇಳಬೇಕಾಗಿಲ್ಲ.

ಇದಕ್ಕಿಂತಲೂ ಸ್ವಾರಸ್ಯವಾದುದು ಅನುಕ್ರಮದ ವಿಷಯ. 'ಭಕ್ತಿ' ಎಂಬುದನ್ನು ಉಚ್ಚರಿಸುವಾಗ ಕಕಾರ, ತಕಾರ, ಇಕಾರ ಎಂಬುದು ಕ್ರಮ. ಬರೆಯುವ ಕೈ 'ಕಿ' ಎಂದು ಗುಡಿಸನ್ನು ಮುಗಿಸಿ ಆಮೇಲೆ ತಕಾರದ ಒತ್ತನ್ನು ಕೊಡುತ್ತದೆ. ಕೊನೆಯ ಸ್ವರವು ನಡುವಣ ವ್ಯಂಜನಕ್ಕಿಂತ ಮೊದಲೇ ಬಂದುಬಿಡುವುದು. 'ಧರ್ಮ'ದಲ್ಲಿ ನಾವು ರೇಫವನ್ನು ಮಕಾರಕ್ಕೆ ಮೊದಲು ಉಚ್ಚರಿಸಿ, ಮಕಾರವಾದ ಮೇಲೆ ಅರ್ಕಾವೊತ್ತಾಗಿ ಬರೆಯುತ್ತೇವೆ. ಯುನಿಕೋಡ್ ಎಂಬ ಸಂಕೇತಪದ್ಧತಿಯಲ್ಲಿ ಕನ್ನಡವು ೧೯೯೧ರಿಂದ ಸೇರಿದೆ. ಅದು ಅಕ್ಷರಗಳನ್ನು ಉಚ್ಚಾರಣೆಯ ಕ್ರಮದಲ್ಲಿಯೇ ಇಡುವುದು. ಹೀಗೆ ಗುರುತಿಸುವ ಯಂತ್ರವು ಕೈಯ ಕ್ರಮದಲ್ಲಿ ಪಡೆದುದನ್ನು ಬಾಯಿಯ ಕ್ರಮಕ್ಕೆ ತಿರುಗಿಸಿ ಒಪ್ಪಿಸಬೇಕಾಗುತ್ತದೆ. ಶಬ್ದಮಣಿದರ್ಪಣದಿಂದ ಮೊದಲ್ಗೊಂಡು ನಮ್ಮ ವ್ಯಾಕರಣಗಳು ಅಕ್ಷರವನ್ನು ಮುಖ್ಯವಾಗಿ ಧ್ವನಿಯ ದೃಷ್ಟಿಯಿಂದ ವಿವರಿಸಿದುವು. ಕೈಯ ಕ್ರಮಕ್ಕೆ ಲಕ್ಷಣ ಹೇಳುವ ಗೋಜು ಯಂತ್ರಕ್ಕೆ ಕಲಿಸಹೊರಟವರ ಪಾಲಿಗೆ ಬಂದಿತು.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯದವರು ಈ ಕಾರ್ಯವನ್ನು ಶ್ರದ್ಧೆಯಿಂದ ನಡೆಸಿದರು. ಕನ್ನಡದ ಕೈಬರಹವನ್ನು ಭಾಗಿಸಿ ಜಯಿಸುವ ವಿಧಾನವನ್ನು ಕುರಿತ ಅವರ ಪ್ರಬಂಧವು ೨೦೦೯ರಲ್ಲಿಯೂ, ಮೇಲೆ ಹೇಳಿದ ಹೊಂದಿಸುವ ಉಪಾಯವನ್ನು ಸಂಖ್ಯಾಶಾಸ್ತ್ರದೊಡನೆ ಬೆಸೆದು ಕನ್ನಡ ಅಕ್ಷರಗಳನ್ನು ಗುರುತಿಸುವ ಪ್ರಬಂಧವು ೨೦೧೦ರಲ್ಲಿಯೂ ಪ್ರಕಟವಾದುವು. ಅದೇ ೨೦೧೦ರಲ್ಲಿ ರಿತುರಾಜ್ ಕುನ್ವರ್, ಕೆ. ಶಶಿಕಿರಣ್ ಮತ್ತು ರಾಮಕೃಷ್ಣನ್ ಅವರು ಗೊತ್ತಾದ ಪದಪಟ್ಟಿಯ ಮಿತಿಯಿಲ್ಲದೆ ಕನ್ನಡ ಪದಗಳನ್ನು ಗುರುತಿಸುವ ವ್ಯವಸ್ಥೆಯೊಂದನ್ನು ವಿವರಿಸಿದರು. ಪದಪಟ್ಟಿಯ ಮಿತಿಯನ್ನು ತೆಗೆದುದು ಸಣ್ಣ ಸಂಗತಿಯಲ್ಲ. ಸಂಧಿಸಮಾಸಗಳಿಂದಲೂ ಪ್ರತ್ಯಯಗಳಿಂದಲೂ ಬೆಳೆಯುವ ನಮ್ಮ ಪದಗಳನ್ನು ಯಾವ ಪಟ್ಟಿ ತಾನೆ ಹಿಡಿದಿಟ್ಟೀತು? ಪಟ್ಟಿಯನ್ನು ನಂಬಿದ ಯಂತ್ರವು ತನಗೆ ತಿಳಿಯದ ದೇಶ್ಯಪದವನ್ನು ತಿಳಿದ ಪದವಾಗಿ ತಿದ್ದಿಬಿಡುವುದು. ಅರ್ಥವಾಗದ ಪಾಠವನ್ನು ಸುಲಭಪಾಠವಾಗಿ ಮಾರ್ಪಡಿಸಿದ ಹಳೆಯ ಲಿಪಿಕಾರನ ದೋಷವೇ ಅದು. ಜೇನುಕುರುಬರ ನುಡಿಗೆ ಸ್ವಂತ ಲಿಪಿಯಿಲ್ಲ. ಅದನ್ನು ಬರೆಯು‍ವುದಾದರೆ ಸಹಜವಾಗಿ ಕನ್ನಡ ಅಕ್ಷರಗಳಲ್ಲಿಯೇ. ದುಬಾರೆಯ ಹುಡುಗನೊಬ್ಬನು ತನ್ನ ಮನೆಯ ಮಾತನ್ನು ಬೆರಳಿನಿಂದ ಬರೆದಾಗ ಪಟ್ಟಿಯ ಯಂತ್ರವು ಅದನ್ನು ಶಿಷ್ಟಗನ್ನಡವಾಗಿ ತಿದ್ದಿದರೆ, ಕಣ್ಣಿಂದ ನೋಡಿ ಬರೆದುಕೊಂಡ ಪ್ರತಿಯ ಇತಿಹಾಸವೇ ಮತ್ತೆ ನಡೆದಂತಾಯಿತು.

೨೦೧೫ರಲ್ಲಿ ಗೂಗಲ್ ಸಂಸ್ಥೆಯವರು ಎಂಬತ್ತೆರಡು ಭಾಷೆಗಳ ಕೈಬರಹವನ್ನು ಗುರುತಿಸುವ ಸಾಧನವನ್ನು ದೂರವಾಣಿಗಳಿಗೆ ಒದಗಿಸಿದರು. ಈಗ ದೂರವಾಣಿಯ ಮೇಲೆ ಬೆರಳಿನಿಂದ ಕನ್ನಡವನ್ನು ಬರೆದರೆ ಅದು ಮೊಳೆಯಂಥ ಅಕ್ಷರವಾಗಿ ಸಾಲಿನಲ್ಲಿ ಕುಳಿತುಕೊಳ್ಳುವುದು. ಸೌಕರ್ಯವೇನೋ ದೊಡ್ಡದು. ಆದರೆ ಅಕ್ಷರವು ನಿಶ್ಚಯವಾದೊಡನೆ ಅದನ್ನು ಹುಟ್ಟಿಸಿದ ಗತಿಯು ಬರೆದವನ ಕಣ್ಣಿನಿಂದ ಮರೆಯಾಗುವುದು, ಉಳಿಯುವುದು ಸಂಕೇತಮಾತ್ರ. ಕನ್ನಡ ಬರಹದ ಒಂದೂವರೆ ಸಾವಿರ ವರ್ಷಗಳ ಚರಿತ್ರೆಯಲ್ಲಿ ಮೊದಲ ಬಾರಿಗೆ ಕೈಯ ಚಲನೆಯು ತಾನಾಗಿ ದಾಖಲೆಯಾಗುತ್ತಿರುವಾಗ ಅದನ್ನು ಹೊಟ್ಟಿನಂತೆ ತೂರಿಬಿಡುತ್ತಿದ್ದೇವೆ.

ಇದರಿಂದ ಲಿಪಿಶಾಸ್ತ್ರಕ್ಕಾಗುವ ಪ್ರಯೋಜನಕ್ಕೆ ಒಂದು ನಿದರ್ಶನವನ್ನು ಕೊಡುವೆನು. ಪ್ರಾಚೀನ ಶಾಸನಗಳಲ್ಲಿ ರೇಫವು ಮುಂದಿನ ವ್ಯಂಜನದ ನೆತ್ತಿಯ ಮೇಲಿರುವುದು; ಕಾಲಕ್ರಮದಲ್ಲಿ ಅದು ಬಲಗಡೆಗೆ ಸರಿದು ಅರ್ಕಾವೊತ್ತಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಅದನ್ನೂ ಬಿಟ್ಟು 'ಸೂರ‍್ಯ' ಎಂದು ರಕಾರಕ್ಕೆ ಯಕಾರದ ಒತ್ತು ಕೊಟ್ಟು ಬರೆದವರೂ ಅಚ್ಚುಹಾಕಿಸಿದವರೂ ಉಂಟು. ನೆತ್ತಿಯ ಗುರುತು ಬಲಕ್ಕೆ ಸರಿಯಲು ಕೈಯ ಅನುಕೂಲವು ಕಾರಣವೊ, ಮೇಲಣ ಸಾಲಿನ ಒತ್ತುಗಳೊಡನೆ ಆಗುತ್ತಿದ್ದ ತೊಡಕು ಕಾರಣವೊ ಎಂಬುದನ್ನು ಆಕೃತಿಗಳಿಂದಲೇ ನಿರ್ಣಯಿಸುವುದು ಕಷ್ಟ. ಇಂದು ಅರ್ಕಾವೊತ್ತನ್ನು ಯಾರು ಅಕ್ಷರದೊಡನೆಯೇ ಬರೆಯುವರು, ಯಾರು ಪದವೆಲ್ಲ ಮುಗಿದ ಮೇಲೆ ಹಿಂದಿರುಗಿ ಬಂದು ಹಾಕುವರು, ಹಾಗೆ ಹಿಂದಿರುಗುವಾಗ ಎಷ್ಟು ಸಲ ಸ್ಥಾನ ತಪ್ಪುವುದು ಎಂಬುದನ್ನು ಲೇಖನಿಯ ಗತಿಯ ದಾಖಲೆಯಿಂದ ಎಣಿಸಿ ಹೇಳಬಹುದು. ಆ ಎಣಿಕೆಯು ಕೈಯಲ್ಲಿದ್ದರೆ ಶಾಸನದ ಕಾಲದ ಊಹೆಗೂ ಒಂದು ನೆಲೆ ದೊರೆಯುವುದು.

ಇಂಥ ದಾಖಲೆಯನ್ನು ಇಡುವುದಕ್ಕೆ ಬೇಕಾದ ಕ್ರಮವು ಆಗಲೇ ಇದೆ. 'ಯುನಿಪೆನ್' ಎಂಬ ಹೆಸರಿನಲ್ಲಿ ೧೯೯೪ರಲ್ಲಿ ನಿರೂಪಿತವಾದ ಪದ್ಧತಿಯು ಲೇಖನಿ ಇಳಿದದ್ದನ್ನೂ ಎದ್ದದ್ದನ್ನೂ, ನಡುವಣ ಬಿಂದುಗಳನ್ನೂ ಸಾಧಾರಣ ಅಕ್ಷರಗಳಲ್ಲಿಯೇ ಬರೆದಿಡುವುದು. ಮೇಲೆ ಹೇಳಿದ ತಮಿಳು ಮಾದರಿಗಳೂ ಆ ಪದ್ಧತಿಯಲ್ಲಿವೆ. ಬೇಕಾದದ್ದು ಬರೆಯುವ ಕೈಗಳು. ನಮ್ಮ ಹಸ್ತಪ್ರತಿ ಭಂಡಾರಗಳವರು ಓಲೆಯ ಚಿತ್ರಗಳನ್ನು ತೆಗೆಸುವ ಕಾರ್ಯದ ಜೊತೆಗೆ ಒಂದು ಬರೆಹಲಗೆಯನ್ನೂ ಇಟ್ಟುಕೊಂಡು, ಮರಳಿನ ಮೇಲೆ ಬೆರಳಿಟ್ಟು ಅಕ್ಷರ ತಿದ್ದಿದ ತಲೆಮಾರಿನ ಹಿರಿಯರಿಂದಲೂ, ಶ್ಯಾನುಭೋಗರ ಲೆಕ್ಕದ ಕೂಡಕ್ಷರವನ್ನು ಬಲ್ಲ ಮನೆತನಗಳವರಿಂದಲೂ, ಓಲೆಯ ಮೇಲೆ ಕಂಟ ಹಿಡಿಯಬಲ್ಲ ಕೆಲವರು ಸಿಕ್ಕಿದರೆ ಅವರಿಂದಲೂ ಒಂದೊಂದು ಪುಟ ಬರೆಯಿಸಿ ಇಡಬೇಕು. ಮೊದಲ ಪುಟಕ್ಕೆ ಕಾಗುಣಿತವೇ ಸಾಕು. ಎರಡನೆಯದಕ್ಕೆ ಅರ್ಕಾವೊತ್ತು ಬರುವ ಪದಗಳನ್ನು ಆರಿಸಿಕೊಡಬಹುದು.